ಆರದ ಕೆಂಪು ದೀಪ

ಇನ್ನೊಬ್ಬರ ದನಿ ತೆಗೆದು ನಗಿಸುವವನಿಗೆ ಒಂದು ಶಾಪವಿದೆ. ಅವನಿಗೆ ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಶಿರಹಟ್ಟಿ ಇನ್ನೂ ದೂರವಿರುವಾಗ, ರಣಬಿಸಿಲಿನಲ್ಲಿ, ನಿಂತ ಕಾರಿನ ಬಾನೆಟ್ಟಿಗೆ ಹಣೆ ಹಚ್ಚಿ ಸುಟ್ಟುಕೊಂಡು ನಾನಿದನ್ನು ಕಂಡುಕೊಂಡೆ.

ಕಾರು ನಮ್ಮಜ್ಜನದು. ಧಾರವಾಡದಿಂದ ಒಡೆದು ಬಂದ ನಮ್ಮ ಜಿಲ್ಲೆಗಿಂತ ಹಿರಿಯದು, ನಂಬರ್ ಪ್ಲೇಟಿನಲ್ಲಿ ಇನ್ನೂ ಧಾರವಾಡವೇ ಇದೆ. ಡ್ಯಾಶ್‌ಬೋರ್ಡಿನ ದೀಪಗಳು ಎಷ್ಟು ಮಂದವೆಂದರೆ, ವೇಗ ನೋಡಲು ಕಡ್ಡಿ ಗೀರಬೇಕಿತ್ತು. ಇನ್ನೊಮ್ಮೆ ದಾರಿಯಲ್ಲಿ ನಿಂತರೆ ಗುಜರಿಗೆ ಹಾಕುವುದೆಂದು ಕಾಕಾ ಶರತ್ತು ಹಾಕಿದ್ದ, ಅಜ್ಜ ಒಪ್ಪಿಬಿಟ್ಟಿದ್ದ. ಅಜ್ಜನ ಪಕ್ಷ ವಹಿಸಿ ಕಾರಿನ ಉದ್ಧಾರಕ್ಕೆ ಇಳಿದವನು ನಾನು. ಎಲ್‌ಇಡಿ ಬಲ್ಬು ತರಿಸಿದೆ.

ಎಂಟು ಹಾಕಿದರೆ ಐದು ಹತ್ತಲಿಲ್ಲ. ಬೆಟಗೇರಿಯ ಎಲೆಕ್ಟ್ರಿಷಿಯನ್ ಖಾದರಸಾಬರ ಹತ್ತಿರ ಓಡಿದೆ. ತಿರುವಿ ಹಾಕು, ಎಲ್‌ಇಡಿಗೆ ಹಿಂದುಮುಂದು ಇರುತ್ತದೆ, ನಿನ್ನ ಹಂಗಲ್ಲ ಎಂದರು. ಆಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಒಂದು ಮಾತು ಸೇರಿಸಿದರು.

"ಆ ಬ್ಯಾಟರಿ ಗುರ್ತಿನ ಕೆಂಪ ದೀಪಕ್ಕ ಕೈ ಹಚ್ಚಬ್ಯಾಡ ತಮ್ಮಾ. ಅದು ಬರೇ ದೀಪಲ್ಲ. ಬ್ಯಾಟರಿಗೆ ಊಟ ಸುರು ಆಗೂದ ಅದರಿಂದ."

ಆ ಕನ್ನಡಕ, ಆ 'ತಮ್ಮಾ' ಎಂಬ ಎಳೆತ. ಮೂರು ದಿನ ಇದೇ ಮಾತನ್ನು ಅವರ ದನಿಯಲ್ಲೇ ಹೇಳಿ ಚಹಾದಂಗಡಿಯನ್ನು ನಗಿಸಿದೆ. ಆದರೆ ಕೆಂಪು ದೀಪವನ್ನು ಅವರಲ್ಲಿಂದ ಬಂದ ಮೊದಲ ದಿನವೇ ಬದಲಿಸಿಬಿಟ್ಟಿದ್ದೆ. ಹಳೆಯದು ಎಂಜಿನ್ ಸುರುವಾದೊಡನೆ ಆರುತ್ತಿತ್ತು, ಹೊಸದು ಆರಲೇ ಇಲ್ಲ. ಎಂಥ ಗಟ್ಟಿ ಮಾಲು ಎಂದು ಹಿಗ್ಗಿದೆ. ಲಕ್ಕುಂಡಿ, ನಾಗಾವಿ ಎಂದು ಗಾಡಿ ಸುತ್ತಿಸಿ ಗೆಳೆಯರಿಗೆಲ್ಲ ದೀಪದರ್ಶನ ಮಾಡಿಸಿದೆ.

ನಾಲ್ಕನೆಯ ದಿನ ಅಜ್ಜ, ಕಾಕಾ ಇಬ್ಬರನ್ನೂ ಕೂರಿಸಿಕೊಂಡು ಲಕ್ಷ್ಮೇಶ್ವರದ ಬೀಗರ ಮನೆಗೆ ಹೊರಟೆ. ಸೊರಟೂರು ದಾಟಿದ ಮೇಲೆ ಹಾರ್ನ್ ನೆಗಡಿ ಬಂದವರಂತೆ ಕೂಗಿತು. ಆಮೇಲೆ ಎಂಜಿನ್ ಬಿಕ್ಕಿ ಬಿಕ್ಕಿ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಅಜ್ಜ ಕೈ ಚಾಚಿ ಸ್ಟೇರಿಂಗನ್ನು ಒಮ್ಮೆ ಸವರಿ ಸುಮ್ಮನೆ ಕೆಳಗಿಳಿದ. ಆ ಸುಮ್ಮನಿರುವಿಕೆಯನ್ನು ಅಣಕಿಸುವ ವಿದ್ಯೆ ನನಗೆ ಬರುವುದಿಲ್ಲ.

ಕಾಕಾ ಫೋನು ತೆಗೆದು ಗುಜರಿಯವನ ನಂಬರು ಹುಡುಕತೊಡಗಿದ. ನಾನು ಖಾದರಸಾಬರಿಗೆ ಫೋನು ಹಚ್ಚಿದೆ. ಅವರು ಬಸ್ಸಿನಲ್ಲಿ ಬಂದಿಳಿದರು: ಗೋಣಿಚೀಲದಲ್ಲಿ ಚಾರ್ಜಾದ ಬ್ಯಾಟರಿ, ಅಂಗಿಯ ಕಿಸೆಯಲ್ಲಿ ಒಂದು ಹಳೆಯ ನಮೂನೆಯ ಬಲ್ಬು. ಕಾರು ಮುಟ್ಟುವ ಮೊದಲು ನನ್ನತ್ತ ತಿರುಗಿದರು.

"ನನ್ನಂಗ ಛಲೋ ಮಾತಾಡ್ತಿಯಂತಲ್ಲೋ. ಆಡು, ಕೇಳೂಣು."

ಆಡಿದೆ. "ಕೆಂಪ ದೀಪಕ್ಕ ಕೈ ಹಚ್ಚಬ್ಯಾಡ ತಮ್ಮಾ. ಬ್ಯಾಟರಿಗೆ ಊಟ..." ಅಲ್ಲಿಗೆ ಅವರ ದನಿ ಹೋಗಿ ನನ್ನ ದನಿಯೇ ಉಳಿಯಿತು.

ಅವರು ಬ್ಯಾಟರಿ ಕೂಡಿಸಿ ಬಲ್ಬು ಬದಲಿಸಿದರು. ಎಂಜಿನ್ ಗುರುಗುಟ್ಟಿತು, ಕೆಂಪು ದೀಪ ಸಭ್ಯವಾಗಿ ಆರಿತು. ಅದು ಆರಿದರೆ ಬ್ಯಾಟರಿ ಚಾರ್ಜಾಗತೊಡಗಿತೆಂದು ಅರ್ಥ; ನನ್ನ ಆರದ ಎಲ್‌ಇಡಿ ಅದನ್ನು ಇಷ್ಟು ದಿನ ಉಪವಾಸ ಕೆಡವಿತ್ತು. ಆದರೂ ಶರತ್ತು ಶರತ್ತೇ, ಗಾಡಿ ನಿಂತದ್ದು ಖರೆ ಎಂದ ಕಾಕಾ.

ಆಗ ಅಜ್ಜ ಬಾಯಿ ತೆರೆದ. "ಗಾಡಿ ನಿಂತಿಲ್ಲ, ಇವ ನಿಲ್ಲಿಸ್ಯಾನ. ಗುಜರಿಗೆ ಹಾಕೂದಾದ್ರ ಇವನ್ನ ಹಾಕು."

ಕಾಕಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ನಗಲಿಲ್ಲ. ಯೋಚಿಸುತ್ತಿದ್ದ.