ತಾಳಮದ್ದಳೆಗೆ ಬಂದ ಚೀನಾ ಟ್ಯಾಂಕ್

ಸೇನೆಯ ಟ್ಯಾಂಕಿನಿಂದ ಇಳಿದು ನನ್ನೂರು ಬಿಜೂರಿಗೆ ಬಂದು ಕುಳಿತರೂ ಟ್ಯಾಂಕ್ ನನ್ನನ್ನು ಬಿಟ್ಟಿಲ್ಲ. ಏನಾದರೊಂದು ರಗಳೆ ಇದ್ದದ್ದೇ. ಟ್ಯಾಂಕ್ ಓಡಿಸಿದವರು ಈ ತಾಲೂಕಿನಲ್ಲಿ ಬೇರೆಯೂ ಇರಬಹುದು, ಆದರೆ ನನ್ನಷ್ಟು ಚಂದ ಹೇಳುವವರಿಲ್ಲ. ಇದನ್ನು ಒಪ್ಪದವನು ಲೋಕದಲ್ಲಿ ಒಬ್ಬನೇ, ನನ್ನ ಹೆಂಡತಿಯ ತಮ್ಮ. "ನಮ್ಮ ಭಾವಯ್ಯಂಗೆ ಟ್ಯಾಂಕ್ ಗೊತ್ತಿತ್ತ್" ಎಂದು ಅವನ ಬಾಯಿಂದ, ನಾಲ್ಕು ಜನರೆದುರು, ಒಮ್ಮೆ ಕೇಳಬೇಕು. ನನಗೆ ಉಳಿದಿದ್ದ ಆಸೆ ಅದೊಂದೇ.

೧. ಒಣಮೀನಿನ ಅಸ್ತ್ರ

ಹಿಮದ ಗಡಿಯಲ್ಲಿದ್ದಾಗ ಆಚೆ ಬದಿಗೊಂದು ಚೀನಾ ಟ್ಯಾಂಕ್ ಪಡೆ. ಶತ್ರುವಿನ ಜಾತಕ ತಿಳಿದಿರಲಿ ಎಂದು ಅವರ ಚರಿತ್ರೆಯನ್ನೆಲ್ಲ ಓದಿದೆ. ಜಪಾನಿನವರು ಬಿಟ್ಟುಹೋದ ಮುರುಕು ಟ್ಯಾಂಕನ್ನು ರಿಪೇರಿ ಮಾಡಿ ಶುರುವಾದ ಸಂಸಾರ. ಆಮೇಲೆ ರಷ್ಯಾದವರು ಕೊಟ್ಟದ್ದು, ಆಮೇಲೆ ಸ್ವಂತದ್ದು. ಒಂದು ಬೆಳಿಗ್ಗೆ, ಊರಿಂದ ಬಂದ ಒಣಮೀನನ್ನು ನನ್ನ ಟ್ಯಾಂಕಿನ ಬಿಸಿ ಇಂಜಿನ್ ಮೇಲೆ ಸುಟ್ಟೆ. ಗಾಳಿ ಆಚೆಗೆ ಬೀಸುತ್ತಿತ್ತು. ನೋಡುತ್ತಿದ್ದಂತೆ ಚೀನಾ ಟ್ಯಾಂಕುಗಳೆಲ್ಲ ಗುಡ್ಡದ ಹಿಂದೆ ಮಾಯ.

ಈ ಶೌರ್ಯವನ್ನು ಕ್ಷೌರದಂಗಡಿಯಲ್ಲಿ ಹೇಳಿದೆ. ಅರ್ಧ ಗಡ್ಡದಲ್ಲಿ ಕೂತಿದ್ದ ಭಾಮೈದ ಕೇಳಿದ: "ಹ್ವಾಯ್ ಭಾವಯ್ಯ, ಮೀನಿನ್ ಪರಿಮಳಕ್ಕೆ ಚೀನಾದವ್ರ್ ಹಿಂದ್ ಹೋತ್ರಾ, ಮುಂದ್ ಬತ್ರಾ?"

೨. ಗಡಿ ದಾಟಿದ್ದು

ಕಳೆದ ಕೊಯ್ಲಿನಲ್ಲಿ ಭಾಮೈದನ ಗದ್ದೆಗೆ ತಂದ ಭತ್ತ ಕಟಾವಿನ ಯಂತ್ರ ಕೆಸರಲ್ಲಿ ಹೂತುಹೋಯಿತು. ಚಕ್ರದ್ದಲ್ಲ, ಚೈನಿನ ಮೇಲೆ ಓಡುವಂಥದ್ದು, ಟ್ಯಾಂಕಿನ ದಾಯಾದಿ. ನಾನು ಪಂಚೆ ಎತ್ತಿ ಕಟ್ಟಿದೆ. ಹೂತ ಟ್ಯಾಂಕನ್ನು ಚೀನಾದವರೂ ಮರದ ದಿಮ್ಮಿ ಕೊಟ್ಟೇ ಎಬ್ಬಿಸುವುದು ಎಂದು ಮೊದಲು ಚರಿತ್ರೆ ಹೇಳಿ, ಆಮೇಲೆ ಚೈನಿನಡಿಗೆ ತೆಂಗಿನ ಮರದ ತುಂಡು ಇಡಿಸಿ, ಯಂತ್ರಕ್ಕೆ ನಾನೇ ಹತ್ತಿದೆ. ಯಂತ್ರ ಎದ್ದಿತು. ಎದ್ದದ್ದು ನಿಲ್ಲಲಿಲ್ಲ, ಗದ್ದೆಯ ಅಂಚು ಹಾರಿ ನೆರೆಮನೆಯವರ ಗದ್ದೆಗೆ ಇಳಿಯಿತು. ನಿಲ್ಲಿಸುವ ಹಿಡಿಕೆ ಟ್ಯಾಂಕಿನಲ್ಲಿದ್ದ ಜಾಗದಲ್ಲಿ ಇರಲಿಲ್ಲ, ತಪ್ಪು ನನ್ನದಲ್ಲ. ಸಿಗುವಷ್ಟರಲ್ಲಿ ಅವರ ಪೈರು ಅರ್ಧ ಕೊಯ್ದಾಗಿತ್ತು.

ನೆರೆಮನೆಯ ಅಮ್ಮ ಓಡಿ ಬಂದರು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ.

"ನಿಲ್ಸಿದ್ದ್ ಎಂತಕ್ಕೆ? ಉಳ್ದದ್ದೂ ಕೊಯ್ದ್ ಕೊಡಿ" ಎಂದರು.

೩. ಬಸ್ಸು ಎದುರು ಬಂದಾಗ

ಕೊನೆಗೂ ನನ್ನ ಕಾಲ ಬಂತು. ಸಾಲಿಗ್ರಾಮದ ಬದಿಯ ಒಂದು ಯುವಕ ಮಂಡಲದವರು ಚೀನಾ ಟ್ಯಾಂಕ್ ಪಡೆಯ ಚರಿತ್ರೆ ಹೇಳಬೇಕೆಂದು ಕರೆದರು. ಹೋಗಿ ನೋಡಿದರೆ ವೇದಿಕೆಯಲ್ಲಿ ಚೆಂಡೆ, ಮದ್ದಳೆ, ಭಾಗವತರು. ಯುದ್ಧದ ಕಥೆ ಎಂದ ಮೇಲೆ ವೇಷವಿಲ್ಲದೆ ಕೂತು ಮಾತಿನಲ್ಲೇ ಕಾದುವ ತಾಳಮದ್ದಳೆಯೇ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ನಾನು ಭಾಷಣಕ್ಕೆ ಬಂದವನು ಎಂದೆ. ಭಾಗವತರು ಒಪ್ಪಲಿಲ್ಲ.

"ಯುದ್ಧ ಅಂದ್ಮೇಲೆ ಎದ್ರ್ ಬದಿ ಬ್ಯಾಡ್ದಾ ಮಾರಾಯ್ರೆ?"

ಚರಿತ್ರೆ ಗೊತ್ತಿದ್ದದ್ದು ನನಗೊಬ್ಬನಿಗೇ, ಆದ್ದರಿಂದ ಚೀನಾ ನಾನು. ಭಾರತದ ಸೇನಾಪತಿಯಾಗಿ ಎದುರು ಬಂದು ಕುಳಿತದ್ದು ನನ್ನ ಜೊತೆ ಬಂದಿದ್ದ ಭಾಮೈದ.

ಭಾಗವತರು ಪದ ಎತ್ತಿದರು. ನಾನು ಜಪಾನಿನ ಮುರುಕು ಟ್ಯಾಂಕಿನಿಂದ ಹಿಡಿದು ಹಿಮದ ಗಡಿಯವರೆಗೆ ನಮ್ಮ ವಂಶಾವಳಿಯನ್ನು ಗುಡುಗಿದೆ. ಆಗ ಹೊಳೆಯಿತು: ನಾನು ಗೆದ್ದರೆ ಭಾರತ ಸೋಲುತ್ತದೆ, ಸೋತರೆ ಭಾಮೈದ ಗೆಲ್ಲುತ್ತಾನೆ.

ಅಷ್ಟರಲ್ಲಿ ಅವನು ಮೀಸೆ ತಿರುವಿ ಕೇಳಿದ: "ಎಲೈ ಚೀನೀಯನೇ, ಬಸ್ರೂರಿನ ತಿರುವಿನಲ್ಲಿ, ಹೊತ್ತು ತಪ್ಪಿ ನುಗ್ಗಿ ಬರುವ ನಮ್ಮ ಬಸ್ಸು ಎದುರಾದರೆ ನಿನ್ನ ಟ್ಯಾಂಕು ಏನು ಮಾಡೀತು?"

ಆ ಬಸ್ಸಿಗೆ ಹೆದರಿ ಸ್ಕೂಟರ್ ಸಮೇತ ಎಷ್ಟೋ ಸಲ ಚರಂಡಿ ಕಂಡವನು ನಾನು. ಸುಳ್ಳು ಹೇಳಲು ನನ್ನಂಥವನಿಗೂ ನಾಲಿಗೆ ಹೊರಳಲಿಲ್ಲ.

"ಚರಂಡಿಗೆ ಇಳಿಯುವುದು, ಪ್ರಭೂ" ಎಂದು ಕೈ ಮುಗಿದೆ. ಭಾಗವತರು ಮಂಗಳ ಹಾಡಿದರು.

ಗೆದ್ದ ಖುಷಿಯಲ್ಲಿ ಭಾಮೈದ ಇಡೀ ಸಭೆಯೆದುರು ಮೈಕಿನಲ್ಲಿ ಹೇಳಿಯೇಬಿಟ್ಟ: "ಏನೇ ಹೇಳಿ, ನಮ್ಮ ಭಾವಯ್ಯಂಗೆ ಟ್ಯಾಂಕ್ ಗೊತ್ತಿತ್ತ್."

ಎದೆಯುಬ್ಬಿಸಿ ಮನೆಗೆ ಬಂದು, ದೇಶಕ್ಕಾಗಿ ಹೇಗೆ ಸೋತೆ ಎಂದು ಹೆಂಡತಿಗೆ ವಿವರಿಸಿದೆ. ಅವಳು ಅನ್ನ ಬಡಿಸುತ್ತ ಎಲ್ಲ ಕೇಳಿದಳು.

"ಇಷ್ಟ್ ವರ್ಷ ಮಿಲ್ಟ್ರಿಯೊಳ್ಗೆ ಇದ್ರಿ. ಕಡಿಕೆ ನಮ್ಮ್ ದೇಶ ಗೆಲ್ಲೂಕೆ ನೀವ್ ಚೀನಾದ್ ಬದಿಗೆ ಹೋಗ್ಬೇಕಾಯ್ತ್, ಅಲ್ದಾ?"