ಹುಲಿಕೆರೆಯ ಮೂರನೇ ಮಹಡಿಯ ಕಂಪನಿಯವರಿಗೆ

ಇವರಿಗೆ,
ಮಾನ್ಯ ಎಚ್.ಆರ್. ಮ್ಯಾನೇಜರ್ ಅವರು,
ಗ್ಲೋಬಲ್ ವರ್ಲ್ಡ್ ಯೂನಿವರ್ಸಲ್ ಕೆರಿಯರ್ಸ್,
ಮೂರನೇ ಮಹಡಿ, ಹೊಯ್ಸಳ ಟವರ್, ಹುಲಿಕೆರೆ, ಹಳೇಬೀಡು ರಸ್ತೆ.

ವಿಷಯ: ತಾವು ಆದಷ್ಟು ಬೇಗ ಒಂದು ಕಟ್ಟಡ ಕಟ್ಟಿಸಿಕೊಳ್ಳಬೇಕೆಂದು ಕೋರಿ.

ಮಾನ್ಯರೇ,

ತಮ್ಮನ್ನು ಮೇಡಂ ಎನ್ನಬೇಕೋ ಸಾರ್ ಎನ್ನಬೇಕೋ ತಿಳಿಯದೆ, ಯಾರಿಗೆ ತೊಡಿಸಿದರೂ ಹೊಂದುವ ಈ ಪದದಿಂದ ವಂದಿಸುತ್ತಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದಾಗ ತಾವು ಹೆಣ್ಣುದನಿಯಲ್ಲಿದ್ದಿರಿ. ಸಂಜೆ ಅದೇ ನಂಬರಿನಿಂದ, ಅದೇ ಹೆಸರು ಹೇಳಿಕೊಂಡು, ಗಂಡುದನಿಯಲ್ಲಿ ಸಣ್ಣ ಕೆಮ್ಮಿನ ಸಮೇತ ಮಾತಾಡಿದಿರಿ. ವಾಟ್ಸಾಪಿನ ಚಿತ್ರದಲ್ಲಿ ಮಾತ್ರ ಎರಡೂ ಹೊತ್ತು, ಮೂವತ್ತೆರಡೂ ಹಲ್ಲು ತೋರಿಸಿ ನಗುವ ಹೊರದೇಶದ ಹೆಣ್ಣುಮಗಳಾಗಿಯೇ ಉಳಿದಿರಿ. ತಾವು ಯಾವ ರೂಪದಲ್ಲಾದರೂ ಇರಿ, ಕಣಕಟ್ಟೆಯಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ತಮ್ಮ ಆರೋಗ್ಯವನ್ನೂ, ಮುಖ್ಯವಾಗಿ ಆ ಕೆಮ್ಮನ್ನು, ವಿಚಾರಿಸೋಣವೆಂದರೆ ತಾವು ನಮ್ಮ ಮನೆಯ ಮೂರೂ ಫೋನುಗಳನ್ನು ಬ್ಲಾಕ್ ಮಾಡಿರುವುದರಿಂದ ಹೀಗೆ ಎಲ್ಲರೆದುರು ಬರೆಯಬೇಕಾಗಿ ಬಂತು, ಕ್ಷಮೆ ಇರಲಿ.

ನಾನು ಷಡಕ್ಷರಪ್ಪ. ಕೊಬ್ಬರಿ ಬೆಲೆಗಾಗಿ, ಬಸ್ಸಿಗಾಗಿ, ಕುಡಿಯುವ ನೀರಿಗಾಗಿ ಮೂವತ್ತು ವರ್ಷಗಳಿಂದ ಅರಸೀಕೆರೆಯ ಕಚೇರಿಗಳ ಮುಂದೆ ಕೂತು ಕೂತು, ಯಾವ ಕಚೇರಿಯ ಯಾವ ಮೆಟ್ಟಿಲು ಎಷ್ಟು ಹೊತ್ತಿಗೆ ಬಿಸಿಲಿಗೆ ಕಾಯುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವನು. ತಾವು ಕಳೆದ ತಿಂಗಳು ‘ಸೀನಿಯರ್ ಡೇಟಾ ಆಫೀಸರ್’ ಎಂದು ನೇಮಿಸಿಕೊಂಡ ಮೇಘಶ್ರೀ ನನ್ನ ಅಕ್ಕ ಶಾಂತಾದೇವಿಯ ಮಗಳು. ಬಿ.ಕಾಂ. ಮುಗಿಸಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ಅವಳು ಅರವತ್ತೊಂದು ಕಡೆ ಅರ್ಜಿ ಹಾಕಿದ್ದಾಳೆ. ಆಗುವುದಿಲ್ಲ ಎಂಬ ಒಂದು ಸಾಲನ್ನೂ ಯಾರೂ ಬರೆದವರಲ್ಲ. ತಾವೊಬ್ಬರು ಮಾತ್ರ ನಾಲ್ಕೇ ನಿಮಿಷಕ್ಕೆ ಉತ್ತರಿಸಿದಿರಿ. ಅರ್ಜಿಯನ್ನು ಓದಲು ಬೇಕಾಗುವ ಹೊತ್ತಿಗಿಂತ ಬೇಗ ಅದನ್ನು ಮೆಚ್ಚಿಕೊಂಡಿರಿ. ಸಂದರ್ಶನ ಎಂಬ ಕಿರುಕುಳ ಕೊಡಲಿಲ್ಲ, ಒಂದು ಪ್ರಶ್ನೆ ಕೇಳಲಿಲ್ಲ, ಮುಖ ನೋಡಲಿಲ್ಲ, ತಮ್ಮ ಮುಖವನ್ನೂ ತೋರಿಸಿ ಕಷ್ಟ ಕೊಡಲಿಲ್ಲ. ಮನೆಯಲ್ಲೇ ದಿನಕ್ಕೆ ಎರಡು ಗಂಟೆ ಟೈಪು ಮಾಡಿದರೆ ತಿಂಗಳಿಗೆ ನಲವತ್ತೆಂಟು ಸಾವಿರ ಎಂದಿರಿ. ಈ ಉದಾರತೆಯ ಮುಂದೆ, ಇಡೀ ದಿನ ದುಡಿಸಿಕೊಂಡು ಹತ್ತು ಸಾವಿರಕ್ಕೂ ಮುಖ ಸಿಂಡರಿಸುವ ನಮ್ಮ ಕಡೆಯ ಅಂಗಡಿ ಮಾಲೀಕರೆಲ್ಲ ತಲೆತಗ್ಗಿಸಿದ್ದಾರೆ.

ತಮ್ಮ ನೇಮಕಾತಿ ಪತ್ರವನ್ನು ನಾನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಮೇಘಶ್ರೀಯ ಹೆಸರು ಇರಬೇಕಾದ ಕಡೆ ‘ಡಿಯರ್ ಕ್ಯಾಂಡಿಡೇಟ್’ ಎಂದಿತ್ತು. ನಾಳೆ ಇನ್ನೊಬ್ಬರಿಗೆ ಕಳಿಸುವಾಗ ಕಾಗದ ದಂಡವಾಗಬಾರದೆಂಬ ತಮ್ಮ ಮಿತವ್ಯಯ ಮನಸ್ಸಿಗೆ ಹಿಡಿಸಿತು. ಸರ್ಕಾರದ ಸಿಂಹಗಳು ಒಂದು ಮೂಲೆಯಲ್ಲಿ ಓರೆಯಾಗಿ ನಿಂತಿದ್ದವು. ಕೆಳಗೆ ಮೂರು ದುಂಡು ಸೀಲುಗಳಿದ್ದವು, ಅವುಗಳಲ್ಲಿ ಒಂದನ್ನು ದೊಡ್ಡದು ಮಾಡಿ ನೋಡಿದರೆ ಯಾವುದೋ ಟೈರ್ ಅಂಗಡಿಯದು. ಇಡೀ ಜಗತ್ತನ್ನು ಮೂರು ಮೂರು ಸಲ ಹೆಸರಿನಲ್ಲೇ ಹೊತ್ತುಕೊಂಡ ಕಂಪನಿಗೆ ಸ್ವಂತದ್ದೊಂದು ಇ-ಮೇಲ್ ವಿಳಾಸವಿಲ್ಲದೆ, ಯಾರು ಬೇಕಾದರೂ ಪುಕ್ಕಟೆ ಮಾಡಿಕೊಳ್ಳುವಂಥ, ಕೊನೆಯಲ್ಲಿ ಒಂಬತ್ತು ಅಂಕಿಗಳಿರುವ ವಿಳಾಸದಿಂದ ಬರೆದಿದ್ದಿರಿ. ದೊಡ್ಡವರ ಸರಳತೆ ಎಂದುಕೊಂಡೆವು.

ಮೊದಲು ನೋಂದಣಿಗೆ ಎರಡೂವರೆ ಸಾವಿರ ಕೇಳಿದಿರಿ. ಮೇಘಶ್ರೀ ಮನೆಯಲ್ಲಿ ಯಾರಿಗೂ ಹೇಳದೆ ತನ್ನ ಫೋನಿನಿಂದಲೇ ಕಳಿಸಿದಳು, ಅದು ತಮಗೆ ಮುಟ್ಟಿತು. ಮರುದಿನ ಲ್ಯಾಪ್‌ಟಾಪಿನ ಠೇವಣಿ ಎಂದು ಹದಿನೆಂಟು ಸಾವಿರ ಕೇಳಿದಿರಿ. ಜೊತೆಗೆ ಎಸ್.ಎಸ್.ಎಲ್.ಸಿ.ಯಿಂದ ಡಿಗ್ರಿವರೆಗಿನ ಅಂಕಪಟ್ಟಿಗಳು ಬೇಕು, ಜೆರಾಕ್ಸ್ ನಡೆಯದು, ಮೂಲ ಪ್ರತಿಗಳನ್ನೇ ತಾವು ಹೇಳುವ ಪೋಸ್ಟ್ ಬಾಕ್ಸ್ ನಂಬರಿಗೆ ಕಳಿಸಬೇಕು, ಎಲ್ಲವೂ ಇವತ್ತು ಸಂಜೆ ಐದರೊಳಗೆ, ಇಲ್ಲದಿದ್ದರೆ ಸೀಟು ಇನ್ನೊಬ್ಬರ ಪಾಲು ಎಂದಿರಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಕೆಲಸ ಮಾಡುವವರು ತೆಗೆದುಕೊಳ್ಳುತ್ತಾರೆ ಎಂಬುದು ನನ್ನ ಹಳೆಯ ಕಾಲದ ತಿಳಿವಳಿಕೆ. ತಾವು ಅದನ್ನು ತಿರುಗಿಸಿ ಹಾಕಿದ್ದೀರಿ. ಆ ತಿರುವು ನನಗೂ ಎಷ್ಟು ಬೇಗ ಒಗ್ಗಿತೆಂದರೆ, ಅವಳು ಹಣ ಕೇಳಿದಾಗ ನಾನೂ ಐದು ಸಾವಿರ ಕೊಡಲು ಒಪ್ಪಿದ್ದೆ.

ಆಗ ತಮ್ಮ ಯೋಜನೆಗೆ ಅಡ್ಡ ಬಂದದ್ದು ನನ್ನ ಹೋರಾಟದ ಅನುಭವವಲ್ಲ, ಪೊಲೀಸರಲ್ಲ, ಕಂಪ್ಯೂಟರ್ ಬಲ್ಲ ಯಾರೂ ಅಲ್ಲ. ಎಲೆ ಅಡಿಕೆ. ನಮ್ಮ ಅಕ್ಕ ಯಾರಿಗೇ ಹಣ ಕೊಡಲಿ, ಸ್ಕೂಲ್ ಫೀಸೇ ಇರಲಿ, ಬಾವಿ ತೋಡಿದವರ ಕೂಲಿಯೇ ಇರಲಿ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಅದರ ಮೇಲೆ ನೋಟಿಟ್ಟು ಕೈಗೆ ಕೊಟ್ಟೇ ಅಭ್ಯಾಸ. ಹದಿನೆಂಟು ಸಾವಿರವನ್ನು ಫೋನಿನಲ್ಲಿ ಒತ್ತಿ ಕಳಿಸುವುದು ಎಂದ ಕೂಡಲೇ ಅವಳು ಕಾಲು ಚಾಚಿ ಕೂತುಬಿಟ್ಟಳು. “ಕೆಲಸ ಕೊಡೋ ಪುಣ್ಯಾತ್ಮರಿಗೆ ಬರೀ ದುಡ್ಡು ಎಸೀತಾರೇನೇ? ಫೋನಿನೊಳಗೆ ಎಲೆ ಅಡಿಕೆ ಹೋಗ್ತೈತಾ? ಎಲ್ಲಿದಾರೆ ಅಂತ ಕೇಳು, ಹೋಗಿ ಕೈಗೆ ಕೊಟ್ಟು ಬರೋಣ” ಎಂದಳು. ಮೇಘಶ್ರೀ ಅತ್ತಳು, ಐದು ಗಂಟೆ ಆಗಿಬಿಡ್ತದೆ ಅಂದಳು, ಅಂಕಪಟ್ಟಿಯನ್ನಾದರೂ ಕಳಿಸುತ್ತೇನೆ ಅಂದಳು. “ಅದನ್ನೂ ತಟ್ಟೆಲೇ ಇಟ್ಟು ಕೊಡಣ” ಎಂದು ಅಕ್ಕ ಫೈಲನ್ನು ತೆಗೆದುಕೊಂಡು ಕಾಯಿಚೀಲದೊಳಗೆ ತುರುಕಿದಳು.

ತಮ್ಮ ವಿಳಾಸ ಕೇಳಿದಾಗ ಹಿಂದೆ ಅರ್ಧ ನಿಮಿಷ ಕೀಲಿಮಣೆ ಟಕಟಕ ಎಂದಿತು, ಆಮೇಲೆ ಮೇಲೆ ಬರೆದ ವಿಳಾಸ ಹೇಳಿದಿರಿ. ತಾವು ತೆರೆದ ಮ್ಯಾಪಿನಲ್ಲಿ ತಮ್ಮ ಬೆರಳು ಹುಲಿಕೆರೆಯ ಮೇಲೇ ಏಕೆ ಬಿತ್ತೋ ತಿಳಿಯದು. ಇಷ್ಟು ದೂರ ಯಾರು ಬರುತ್ತಾರೆ ಎಂದುಕೊಂಡಿರಬೇಕು. ತೆಂಗು ಬೆಳೆಯುವವರಿಗೆ ಒಬ್ಬರಿಗೆ ಕಾಯಿ ಕೊಡಬೇಕೆಂಬ ಆಸೆ ಹುಟ್ಟಿದರೆ ದೂರ ಲೆಕ್ಕಕ್ಕಿಲ್ಲ ಎಂಬುದನ್ನು ತಮ್ಮ ತರಬೇತಿಯಲ್ಲಿ ಹೇಳಿಕೊಟ್ಟಂತಿಲ್ಲ.

ಪಕ್ಕದ ಮನೆಯ ಚನ್ನೇಶನ ಲಗೇಜ್ ಆಟೊದಲ್ಲಿ ಐವತ್ತೊಂದು ಕಾಯಿ, ಒಂದು ಕಂಚಿನ ತಟ್ಟೆ, ಅಕ್ಕ, ಮೇಘಶ್ರೀ ಮತ್ತು ನಾನು ಹೊರಟೆವು. ಕೆಲಸದ ಮನೆಗೆ ಹೋಗುವುದೆಂದು ಅಕ್ಕ ಗಿಣಿಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಜಾವಗಲ್ ದಾಟಿದೆವು. ಹಳೇಬೀಡಿನಲ್ಲಿ ದೇವಸ್ಥಾನದ ಕಡೆ ತಿರುಗಿಯೂ ನೋಡದೆ ಸಾಗಿದೆವು, ಐದು ಗಂಟೆಯ ಗಡುವಿತ್ತಲ್ಲ. ಹುಲಿಕೆರೆಗೆ ಹೋಗಿ ನೋಡಿದರೆ ಮೂರು ಮಹಡಿಯ ಟವರ್ ನಮ್ಮ ಕಣ್ಣಿಗೆಲ್ಲೂ ಬೀಳಲಿಲ್ಲ. ಆಡು ಕಾಯುತ್ತಿದ್ದ ಚಿಕ್ಕಣ್ಣ ಎಂಬವರನ್ನು ಕೇಳಿದೆವು. ಅವರು ಬಹಳ ಗಂಭೀರವಾಗಿ ಯೋಚಿಸಿ ನಮ್ಮನ್ನು ಊರಿನ ಹಳೆಯ ಕಲ್ಯಾಣಿಯ ದಂಡೆಗೆ ಕರೆದುಕೊಂಡು ಹೋದರು. ಸುತ್ತ ಗುಡಿಗೂಡುಗಳಿರುವ, ಹೊಯ್ಸಳರ ಕಾಲದ, ಮೆಟ್ಟಿಲು ಮೆಟ್ಟಿಲಾಗಿ ನೀರಿಗಿಳಿಯುವ ಕೊಳ. “ನಮ್ಮೂರಲ್ಲಿ ಮಹಡಿ ಮಹಡಿಯಾಗಿರೋದು ಇದೊಂದೇ ಸ್ವಾಮಿ. ಹೊಯ್ಸಳರದ್ದೇ. ಮೂರನೇದು ಅಂದ್ರೆ ಮೇಲಿಂದ ಎಣಿಸ್ತೀರೋ ಕೆಳಗಿಂದ ಎಣಿಸ್ತೀರೋ?” ಎಂದರು.

ಅಷ್ಟರಲ್ಲಿ ತಮ್ಮ ಕರೆ ಬಂತು. ಮೇಘಶ್ರೀ ಸ್ಪೀಕರ್ ಹಾಕಿದಳು. ತಾವು ಎಂಥ ಅಕ್ಕರೆಯಿಂದ ಹೇಳಿದಿರಿ: ನಾವು ಬಂದದ್ದು ಕ್ಯಾಮೆರಾದಲ್ಲಿ ಕಾಣುತ್ತಿದೆಯಂತೆ, ರಿಸೆಪ್ಷನ್ನಿನ ಸೋಫಾದ ಮೇಲೆ ಕೂರಬೇಕಂತೆ, ಲಿಫ್ಟ್ ಕೆಟ್ಟಿರುವುದರಿಂದ ಮೇಲೆ ಬರುವುದು ಬೇಡವಂತೆ, ಅಲ್ಲಿಂದಲೇ ಹಣ ಕಳಿಸಿ ಕೊರಿಯರ್ ಮಾಡಿದರೆ ಸಾಕಂತೆ. ನಮ್ಮ ಮುಂದೆ ನೀರಿತ್ತು, ನೀರಿನಲ್ಲಿ ಒಂದು ಆಮೆ ಇತ್ತು. ಚಿಕ್ಕಣ್ಣ ಆಮೆಯ ಕಡೆ ಕೈ ತೋರಿಸಿ, “ಮ್ಯಾನೇಜರ್ರು ಅವರೇ ಇರಬೌದು, ಮಾತಾಡ್ಸಿ” ಎಂದರು.

ಅಕ್ಕ ಫೋನ್ ಕಿತ್ತುಕೊಂಡಳು. “ನಾವು ಕಾಣ್ತಾ ಇದೀವಾ ತಾಯಿ?” ಎಂದು ಕೇಳಿದಳು. ಚೆನ್ನಾಗಿ ಕಾಣ್ತಿದೀರ ಮೇಡಂ ಎಂದಿರಿ. “ಹಂಗಾದ್ರೆ ನಾನು ಯಾವ ಬಣ್ಣದ ಸೀರೆ ಉಟ್ಟಿದೀನಿ ಹೇಳವ್ವ” ಎಂದಳು. ತಾವು ಸ್ವಲ್ಪ ಕೆಮ್ಮಿದಿರಿ, ಹೆಣ್ಣುದನಿಯಲ್ಲಿ ಶುರುವಾದ ಕೆಮ್ಮು ಗಂಡುದನಿಯಲ್ಲಿ ಮುಗಿಯಿತು. ಮರೂನ್ ಎಂದಿರಿ. ಆ ಬಳಿಕ ತಮ್ಮ ದನಿಯನ್ನು ಕೇಳುವ ಭಾಗ್ಯ ನಮಗೆ ದೊರೆತಿಲ್ಲ.

ಮೇಘಶ್ರೀ ಮೇಲಿಂದ ಮೂರನೇ ಮೆಟ್ಟಿಲ ಮೇಲೆ ಕೂತಳು. ಚೀಲದಿಂದ ಅಂಕಪಟ್ಟಿಯ ಫೈಲ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ಮುಟ್ಟಿ ನೋಡಿದಳು. “ಮಾವ, ಅಮ್ಮ ಎಲೆ ಅಡಿಕೆ ಅಂತ ಹಟ ಮಾಡದೇ ಇದ್ದಿದ್ರೆ ಬೆಳಿಗ್ಗೆನೇ ಕಳಿಸಿಬಿಡ್ತಿದ್ದೆ. ಆಮೇಲೆ ನನ್ನ ಹತ್ರ ಏನಿರ್ತಿತ್ತು?” ಎಂದಳು.

ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಇದು ತಮಗಷ್ಟೇ ಅಲ್ಲ, ತಮ್ಮ ಹೆಗಲ ಮೇಲಿಂದ ಬಗ್ಗಿ ಇದನ್ನು ಓದುತ್ತಿರುವ ಎಲ್ಲರಿಗೂ. ಈ ಹುಡುಗಿ ದಡ್ಡಿಯಾಗಿ ತಮ್ಮನ್ನು ನಂಬಲಿಲ್ಲ. ಅರವತ್ತೊಂದು ಕಡೆಯ ಮೌನ ಅವಳನ್ನು ತಮ್ಮ ಬಾಗಿಲಿಗೆ ತಂದು ನಿಲ್ಲಿಸಿತು. ಖಾಲಿ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಇಟ್ಟವರು ತಮ್ಮ ಪಾಲುದಾರರು. ಮೋಸಹೋದವರನ್ನು ಕಂಡು ‘ಓದಿದವಳಿಗೆ ಅಷ್ಟೂ ಗೊತ್ತಾಗಲ್ವಾ’ ಎಂದು ಜಗಲಿಯ ಮೇಲೆ ಕೂತು ನಗುವವರು ತಮ್ಮ ಸಂಬಳವಿಲ್ಲದ ನೌಕರರು, ಏಕೆಂದರೆ ಆ ನಗುವಿಗೆ ಹೆದರಿಯೇ ಮಕ್ಕಳು ದೂರು ಕೊಡದೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಇನ್ನು ನನ್ನ ವೈಯಕ್ತಿಕ ದೂರು. ನಾನು ಅಲ್ಲೇ ಧರಣಿ ಕೂರಲು ನಿರ್ಧರಿಸಿದೆ. ಆದರೆ ಯಾವುದರ ಮುಂದೆ? ನನ್ನ ಕಾಲದ ವಂಚಕರಿಗೆ ಒಂದು ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು, ಬೀಗದ ಮುಂದೆ ಕೂತರೆ ಒಳಗಿದ್ದವನಿಗೆ ಊಟಕ್ಕೆ ಹೊರಬರಲು ಆಗುತ್ತಿರಲಿಲ್ಲ. ಮನವಿ ಕೊಟ್ಟರೆ ತೆಗೆದುಕೊಳ್ಳಲು ಒಬ್ಬ ಗುಮಾಸ್ತನಿದ್ದ. ತಾವು ಒಂದು ಕಿಟಕಿಯನ್ನೂ ಇಟ್ಟುಕೊಂಡಿಲ್ಲ. ನಾನು ಕೊಳದ ಕಡೆ ತಿರುಗಿ ‘ಧಿಕ್ಕಾರ’ ಎಂದೆ. ಅದು ನಾಲ್ಕೂ ಕಡೆಯ ಕಲ್ಲಿಗೆ ಬಡಿದು ನನಗೇ ವಾಪಸ್ಸಾಯಿತು, ಆಮೆ ಮುಳುಗಿತು, ಚಿಕ್ಕಣ್ಣನವರ ಆಡುಗಳು ಚೆದುರಿದವು, ಅವನ್ನು ಒಟ್ಟುಗೂಡಿಸಲು ನಾನೇ ಅರ್ಧ ಗಂಟೆ ಓಡಾಡಬೇಕಾಯಿತು. ಆದ್ದರಿಂದ ತಮ್ಮಲ್ಲಿ ನನ್ನ ಹಕ್ಕೊತ್ತಾಯ ಇಷ್ಟೇ: ದಯವಿಟ್ಟು ಒಂದು ಕಟ್ಟಡ ಕಟ್ಟಿಸಿ. ಸಣ್ಣದಾದರೂ ಸರಿ. ಮುಂದೆ ಮೂವತ್ತು ಜನ ಕೂರುವಷ್ಟು ಜಾಗ, ಆಗಾಗ ಅಲ್ಲಾಡಿಸಲು ಒಂದು ಗೇಟು, ಕರಿಬಾವುಟ ಕಟ್ಟಲು ಒಂದು ಕಂಬ, ಮಧ್ಯಾಹ್ನದ ಹೊತ್ತಿಗೆ ಬೇವಿನ ಮರದ ನೆರಳು ಇರಲಿ. ಸಾಧ್ಯವಾದರೆ ಮೂರನೇ ಮಹಡಿಯ ಬಾಲ್ಕನಿಗೆ ತಾವು ಒಮ್ಮೆ ಬಂದು, ಬೇಡಿಕೆ ಪರಿಶೀಲಿಸುತ್ತೇವೆ ಎಂದು ಕೈಬೀಸಿ ಒಳಗೆ ಹೋಗಬೇಕು. ಆ ಲಿಫ್ಟನ್ನೂ ಸರಿಮಾಡಿಸಿ, ನಮ್ಮ ಅಕ್ಕನಿಗೆ ಮಂಡಿನೋವಿದೆ.

ಕಟ್ಟಡ ಏಳುವವರೆಗೆ ಕೈಕಟ್ಟಿ ಕೂರಬಾರದೆಂದು, ಕೊಳದ ದಂಡೆಯಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇವೆ. ತಮ್ಮ ಪ್ರೀತಿಯ ಸಂದೇಶಗಳಲ್ಲಿ ಒಂದನ್ನೂ ಅಳಿಸದೆ, ನಂಬರು, ಹಣ ಹೋದ ರಶೀದಿ, ಟೈರ್ ಅಂಗಡಿಯ ಸೀಲು ಸಮೇತ ಠಾಣೆಗೆ ಒಪ್ಪಿಸಿದ್ದೇವೆ. ಎರಡೂವರೆ ಸಾವಿರ ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ತಿಳಿಯದು.

ಒಂದು ಸಂತೋಷದ ಸುದ್ದಿಯನ್ನೂ ತಿಳಿಸಬೇಕು. ತಮ್ಮ ನೇಮಕಾತಿ ಪತ್ರದಿಂದ ಮೇಘಶ್ರೀಗೆ ನಿಜಕ್ಕೂ ಕೆಲಸ ಸಿಕ್ಕಿದೆ. ದೂರಿಗೆ ಪ್ರತಿ ತೆಗೆಸಲು ಅರಸೀಕೆರೆ ಬಸ್ ನಿಲ್ದಾಣದ ಬಳಿಯ ಪುಷ್ಪಲತಾ ಅವರ ಜೆರಾಕ್ಸ್ ಅಂಗಡಿಗೆ ಹೋಗಿದ್ದಳು. ಅಲ್ಲಿ ಇನ್ನೊಬ್ಬ ಹುಡುಗ ಇಂಥದೇ ಪತ್ರಕ್ಕೆ ಬಣ್ಣದ ಪ್ರತಿ ತೆಗೆಸುತ್ತಿದ್ದ. ಇವಳು ಅವನನ್ನು ಕೂರಿಸಿಕೊಂಡು ಕೇಳಿದ್ದು ಇಷ್ಟು: ದುಡ್ಡು ಕೇಳಿದರಾ, ಮುಖ ತೋರಿಸಿದರಾ, ಮೂಲ ಅಂಕಪಟ್ಟಿಯೋ ಓ.ಟಿ.ಪಿ.ಯೋ ಬೇಕು ಅಂದರಾ, ಇವತ್ತೇ ಆಗಬೇಕು ಅಂತ ಅವಸರ ಮಾಡಿದರಾ, ಅವರು ಕೊಟ್ಟ ನಂಬರು ಬಿಟ್ಟು ಆ ಕಂಪನಿಯ ನಂಬರನ್ನು ನೀನಾಗಿ ಹುಡುಕಿ ವಿಚಾರಿಸಿದೆಯಾ. ಹುಡುಗ ಬಣ್ಣದ ಪ್ರತಿ ಬೇಡವೆಂದು ಎದ್ದುಹೋದ. ಪುಷ್ಪಲತಾ ಅವರಿಗೆ ಹತ್ತು ರೂಪಾಯಿ ನಷ್ಟವಾದರೂ ಹುಡುಗಿ ಹಿಡಿಸಿಬಿಟ್ಟಳು. ಈಗ ತಿಂಗಳಿಗೆ ಒಂಬತ್ತು ಸಾವಿರ. ದುಡಿಯಲು ಠೇವಣಿ ಕೇಳಿಲ್ಲ. ಒಂದನೇ ತಾರೀಖು ಮೊದಲ ಸಂಬಳವನ್ನು ಎಲೆ ಅಡಿಕೆ ಕಾಯಿಯ ಜೊತೆಗೇ ಕೊಟ್ಟರು, ಅದು ನಮ್ಮ ಅಕ್ಕ ಹಾಕಿದ ಒಂದೇ ಷರತ್ತು. ಅಂಗಡಿಯ ಗಾಜಿನ ಮೇಲೆ ತಮ್ಮ ಪತ್ರವನ್ನು ದೊಡ್ಡದು ಮಾಡಿ ಅಂಟಿಸಿದ್ದಾರೆ. ಬೇಲೂರು ಆಚೆಯ ಬಿಕ್ಕೋಡಿನಿಂದಲೂ ಮಕ್ಕಳು ತಮ್ಮಂಥವರ ಪತ್ರ ಹಿಡಿದು ಬಂದು, ಹೋಲಿಸಿ ನೋಡಿಕೊಂಡು ಹೋಗುತ್ತಾರೆ. ಇದುವರೆಗೆ ಹದಿನಾಲ್ಕು ಜನ. ಅರವತ್ತೊಂದು ಕಡೆಯಿಂದ ಉತ್ತರ ಇನ್ನೂ ಬಂದಿಲ್ಲ, ಅವಳು ಅರವತ್ತೆರಡನೆಯದನ್ನು ಬರೆಯುತ್ತಿದ್ದಾಳೆ.

ಗೇಟಿನ ಆಚೆ ತಮ್ಮನ್ನು ಕಾಣುವ ದಿನಕ್ಕಾಗಿ ಕಾದಿರುವ,
ತಮ್ಮ ವಿಶ್ವಾಸಿ,
ಷಡಕ್ಷರಪ್ಪ, ಕಣಕಟ್ಟೆ

ತಾ.ಕ.: ಐವತ್ತೊಂದು ಕಾಯಲ್ಲಿ ಐವತ್ತನ್ನು ಹುಲಿಕೆರೆಯಲ್ಲಿ ಹಂಚಿದೆವು, ಆಡು ಚೆದುರಿಸಿದ ತಪ್ಪಿಗೆ ಚಿಕ್ಕಣ್ಣನವರಿಗೆ ಹತ್ತು. ಉಳಿದ ಒಂದು ತಮ್ಮ ಹೆಸರಿನಲ್ಲಿ ನಮ್ಮ ಮನೆಯಲ್ಲೇ ಇದೆ. ಈ ಕೆಲಸ ತಮಗೆ ಬೇಸರವಾದರೆ, ನಮ್ಮ ತೋಟದಲ್ಲಿ ಕಾಯಿ ಸುಲಿಯುವವರ ಜಾಗವೊಂದು ಖಾಲಿಯಿದೆ. ನೋಂದಣಿ ಶುಲ್ಕವಿಲ್ಲ, ಶನಿವಾರ ಸಂಜೆ ಕೂಲಿ ಕೈಗೆ. ಅಂಕಪಟ್ಟಿ ತರಬೇಕಿಲ್ಲ, ಆದರೆ ತಮ್ಮ ಸ್ವಂತ ಮುಖವನ್ನು ತರಲೇಬೇಕು. ನಮ್ಮ ಅಕ್ಕ ಬಾಗಿಲಲ್ಲೇ ನಿಂತಿರುತ್ತಾಳೆ. ಉಟ್ಟ ಸೀರೆಯ ಬಣ್ಣ ಯಾವುದೆಂದು ಈ ಸಲ ನೋಡಿಯೇ ಹೇಳಬಹುದು.