ಅರ್ಧ ಟಿಕೆಟ್ಟಿನ ಬೆನ್ನುಮೂಳೆ

ಪಾಠ ಹೇಳುವ ಮೇಷ್ಟ್ರು ನಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಲ್ ಹೊಡೆಯುವುದಕ್ಕೆ ಮುಂಚೆಯೇ ಅವು ಬಂದು ಬೆಂಚಿನ ಮೇಲೆ ಕೂತಿರುತ್ತವೆ. ಜೀವಶಾಸ್ತ್ರದ ಮೇಷ್ಟ್ರಾದರಂತೂ ಕೇಳಲೇಬೇಡಿ.

ಎಪ್ಪತ್ತರ ದಶಕದಲ್ಲಿ ನಾನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿದ್ದೆ. ಆಲೆಮನೆಯ ಬೆಲ್ಲದ ವಾಸನೆ ಕಿಟಕಿಯಿಂದ ತೂರಿ ಬಂದರೆ ಮೂರನೇ ಪೀರಿಯಡ್ಡಿಗೇ ಇಡೀ ಕ್ಲಾಸಿಗೆ ಹಸಿವು. ಈಗಲೂ ಎಲ್ಲಾದರೂ ಆ ವಾಸನೆ ಬಡಿದರೆ ನನಗೆ ನೆನಪಾಗುವುದು ಬೆಲ್ಲವಲ್ಲ, ಪಕ್ಕೆಲುಬು.

ಬಸ್ಸಿನಲ್ಲಿ

ಶಾಲೆಗೆ ಅಸ್ಥಿಪಂಜರದ ಮಾದರಿ ಬೇಕೆಂದು ಬಹಳ ದಿನ ಬೇಡಿದ ಮೇಲೆ ಮಂಜೂರಾಯಿತು. ಮಂಡ್ಯದ ಅಂಗಡಿಗೆ ಹೋದರೆ ಬೆನ್ನುಮೂಳೆ, ಎದೆಗೂಡು ಮಾತ್ರ ಬಂದಿತ್ತು. "ತಲೆ, ಕೈಕಾಲು ಹಿಂದಿನಿಂದ ಬರುತ್ತೆ ಸಾರ್" ಅಂದರು. ನಾನು ಮಳವಳ್ಳಿ ಬಿಡುವವರೆಗೂ ಬರಲಿಲ್ಲ.

ಪ್ಲಾಸ್ಟರಿನ ಮಾದರಿ. ಟವೆಲ್ ಹೊದಿಸಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒರಗಿಸಿಕೊಂಡೆ. ಕಂಡಕ್ಟರ್ ಬಂದ.

"ಇವ್ರಿಗೂ ಟಿಕೆಟ್ ತಗೊಳಿ ಮೇಷ್ಟ್ರೆ."

"ಇದು ಲಗೇಜು ಕಣಪ್ಪ."

"ಲಗೇಜಾದ್ರೆ ಟಾಪ್ ಮೇಲೆ ಆಕಿ. ಸೀಟಲ್ಲಿ ಕುಂತ್ಮೇಲೆ ಪ್ಯಾಸೆಂಜರ್ರೇ."

"ಮೇಲೆ ಹಾಕಿದರೆ ಪಕ್ಕೆಲುಬು ಮುರಿಯುತ್ತೆ!"

ಅವನು ಟವೆಲ್ ಎತ್ತಿ ನೋಡಿದ. ತಲೆಯಿಲ್ಲ, ಕಾಲಿಲ್ಲ. "ಓಗ್ಲಿ ಬುಡಿ, ಅರ್ಧ ತಗೊಳಿ" ಅಂದ.

ಮದ್ದೂರಿನಲ್ಲಿ ಹತ್ತಿದ ಅಜ್ಜಿಯೊಬ್ಬರು ನಮ್ಮಿಬ್ಬರನ್ನೂ ಒತ್ತರಿಸಿ ಕೂತರು. ಟವೆಲ್ಲಿನ ಸಂದಿಯಲ್ಲಿ ಕಾಣುತ್ತಿದ್ದ ಎಲುಬನ್ನು ಮುಟ್ಟಿ, "ಎಲ್ಗಪ್ಪ ಇದು?" ಅಂದರು.

"ಇಸ್ಕೂಲಿಗೆ ಅಜ್ಜಿ."

ಅಜ್ಜಿ ಲೊಚಗುಟ್ಟಿದರು. "ಇಸ್ಕೂಲಲ್ಲಿ ದಿನಾ ಉಪ್ಪಿಟ್ಟು ಆಕ್ತಾರೆ ಅಂತಿದ್ರಲ್ಲಪ್ಪಾ. ಆಕುದ್ರೂ ಮಗ ಇಂಗಾಗೋದ್ನಾ?"

ಮೂವತ್ಮೂರರಲ್ಲಿ ಯಾವುದು?

ನಮ್ಮ ಲೆಕ್ಕದ ಮೇಷ್ಟ್ರದು ಕಂಚಿನ ಕಂಠ. ಪಕ್ಕದ ಕೋಣೆಯಲ್ಲಿ ಅವರು "ಬೆನ್ನುಮೂಳೆ ಮುರೀತೀನಿ ಕಳ್ಳ್ ನನ್ಮಕ್ಳಾ!" ಅಂದರೆ ನನ್ನ ಕ್ಲಾಸಿನ ಹುಡುಗರೂ ನೆಟ್ಟಗೆ ಕೂರುತ್ತಿದ್ದರು. ಮಾದರಿ ಬಂದ ದಿನ ನಾನು ಬಹಳ ಹುರುಪಿನಿಂದ ಪಾಠ ಮಾಡಿದೆ. ಬೆನ್ನುಮೂಳೆ ಅಂದರೆ ಒಂದು ಕೋಲಲ್ಲ, ಮೂವತ್ತಮೂರು ಮಣಿ ಪೋಣಿಸಿದ ಸರದ ಹಾಗೆ, ಅದಕ್ಕೇ ನಾವು ಬಗ್ಗುವುದು ಏಳುವುದು ಎಂದೆಲ್ಲ ವಿವರಿಸಿ, "ಯಾರಿಗಾದರೂ ಅನುಮಾನ ಇದೆಯಾ?" ಎಂದೆ.

ಕಿರುಗಾವಲಿನಿಂದ ಬರುತ್ತಿದ್ದ ಹುಡುಗನೊಬ್ಬ ಕೈಯೆತ್ತಿ ಎದ್ದು ನಿಂತ. ಅವನು ಕೈಯೆತ್ತಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

"ಸಾ, ಲೆಕ್ಕದ್ ಮೇಷ್ಟ್ರು ಮುರೀತೀನಿ ಅಂತಾರಲ್ಲ, ಅದು ಮೂವತ್ಮೂರ್ರಲ್ಲಿ ಯಾವ್ದು ಸಾ?"

ಹೆಡ್‌ಮಾಸ್ಟರ ಸೊಂಟ

ಹೆಡ್‌ಮಾಸ್ಟರೆಂದರೆ ನಮಗೆಲ್ಲ ನಡುಕ. ಒಂದು ನಿಮಿಷ ತಡವಾಗಿ ಬಂದರೆ ಹುಡುಗರ ಎದುರಿಗೇ ಉಗಿಯುತ್ತಿದ್ದರು. ಅಂಥವರು ಒಂದು ಬೆಳಿಗ್ಗೆ ಬಿದ್ದ ಸೀಮೆಸುಣ್ಣ ಎತ್ತಲು ಬಗ್ಗಿದವರು ಮೇಲೇಳಲಿಲ್ಲ. ಸೊಂಟ ಹಿಡಿದುಕೊಂಡುಬಿಟ್ಟಿತ್ತು. ಪ್ರಶ್ನಾರ್ಥಕ ಚಿಹ್ನೆಯ ಹಾಗೆ ನಿಂತು "ಅಮ್ಮಾ" ಅನ್ನುತ್ತಿದ್ದರು.

ಮೂಳೆಯ ವಿಷಯವಾದ್ದರಿಂದ ನನ್ನನ್ನು ಕರೆದರು. "ಸ್ನಾಯು ಸೆಳೆತ ಸಾರ್, ಆಸ್ಪತ್ರೆಗೆ ಹೋಗೋಣ" ಎಂದೆ. ಡ್ರಿಲ್ ಮೇಷ್ಟ್ರು ತಲೆಯಾಡಿಸಿದರು. "ಆಸ್ಪತ್ರೆ ಯಾಕೆ? ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ಒದ್ದರೆ ಉಳುಕು ಮಾಯ. ನಮ್ಮ ಜವಾನ ಹಾಗೆ ಹುಟ್ಟಿದವನೇ."

ಜವಾನ ಗೋಡೆಗೆ ಅಂಟಿಕೊಂಡ. "ನಾನ್ ಒದೆಯಾಕಿಲ್ಲ ಬುದ್ಧಿ. ಸೊಂಟ ನೆಟ್ಟಗಾದ್ಮೇಲೆ ನನ್ ಕೆಲ್ಸ ಓಯ್ತದೆ."

"ಒದಿಯೋ!" ಬಗ್ಗಿದಲ್ಲಿಂದಲೇ ಹೆಡ್‌ಮಾಸ್ಟರು ಗುಡುಗಿದರು. "ಇದು ನನ್ನ ಆರ್ಡರು!"

ಅವನು ಮೊದಲು ಅವರ ಪಾದ ಮುಟ್ಟಿ ನಮಸ್ಕರಿಸಿದ, ಆಮೇಲೆ ಹಗುರಾಗಿ ಮೂರು ಸಲ ಒದ್ದ. ಅದು ಒದೆಯ ಮಹಿಮೆಯೋ, ಸ್ನಾಯುವಿನ ದಾಕ್ಷಿಣ್ಯವೋ, ಹೆಡ್‌ಮಾಸ್ಟರು ಮಧ್ಯಾಹ್ನದ ಹೊತ್ತಿಗೆ ನೆಟ್ಟಗೆ ನಡೆದರು.

ಸಂಜೆ ಸ್ಟಾಫ್ ರೂಮಿನಲ್ಲಿ ಮಾತುಕತೆಯಾಯಿತು. ವಿಚಾರಿಸಿದರೆ, ನಾವು ಅಷ್ಟೂ ಮೇಷ್ಟ್ರುಗಳು ಕಾಲು ಮುಂದಾಗಿಯೇ ಹುಟ್ಟಿದವರು!

ಹೆಣ್ಣಿನ ಕಡೆಯವರು

ಆ ಮಳೆಗಾಲದಲ್ಲಿ ಶಾಲೆಯ ಹೆಂಚು ಸೋರಿ, ಮಾದರಿಯನ್ನು ನನ್ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಳ್ಳಬೇಕಾಯಿತು. ಗೋಡೆಗೆ ಮೊಳೆ ಹೊಡೆಯಬಾರದೆಂದು ಮಾಲೀಕರ ಕಟ್ಟಪ್ಪಣೆ. ಹಾಗಾಗಿ ನನ್ನ ಇಸ್ತ್ರಿ ಅಂಗಿಗಳು ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದ ಆ ಎದೆಗೂಡಿನ ಮೇಲೇ ನೇತಾಡುತ್ತಿದ್ದವು. ಬಹಳ ಚೆನ್ನಾಗಿ ಒಪ್ಪುತ್ತಿದ್ದವು ಕೂಡ.

ಅದೇ ಸಮಯಕ್ಕೆ ವೈದ್ಯನಾಥಪುರದ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಹುಡುಗಿಯನ್ನು ನೆಂಟರ ಮದುವೆಯಲ್ಲಿ ದೂರದಿಂದ ನೋಡಿದ್ದೆ. ಆದರೂ ಇವಳೇ ಆಗಲಿ ಎಂದು ದೇವರಿಗೆ ಹೇಳಿಕೊಂಡಿದ್ದೆ. ಒಂದು ಭಾನುವಾರ ನಾನು ಹಿತ್ತಿಲಿನ ಬಚ್ಚಲಿನಲ್ಲಿದ್ದಾಗ ಹೇಳದೆ ಕೇಳದೆ ಬಂದೇಬಿಟ್ಟರು. ಹುಡುಗಿ, ಅವಳ ಅಜ್ಜಿ, ಸೋದರಮಾವ.

ಮಬ್ಬುಗತ್ತಲ ಕೋಣೆ. ಮೂಲೆಯಲ್ಲಿ ಬಿಳಿ ಅಂಗಿ. ಸೋದರಮಾವ ಕೈಮುಗಿದರಂತೆ. "ನಮಸ್ಕಾರ, ವೈದ್ಯನಾಥಪುರದೋರು." ಉತ್ತರವಿಲ್ಲ. "ಹುಡ್ಗ ಬಾಳ ಸಂಕೋಚದೋನು ಕಣವ್ವ" ಎಂದರಂತೆ. "ತಲೆ ಬಗ್ಗಿಸ್ಕಂಡವ್ನೆ, ಪಾಪ" ಎನ್ನುತ್ತಾ ಅಜ್ಜಿ ಹತ್ತಿರ ಹೋಗಿ, ಗಲ್ಲ ಎತ್ತಿ ಮುಖ ನೋಡೋಣವೆಂದು ಕಾಲರಿನೊಳಗೆ ಕೈಹಾಕಿದ್ದಾರೆ.

"ಅಯ್ಯಯ್ಯಪ್ಪೋ! ಗಂಡಿಗೆ ತಲೆನೇ ಇಲ್ಲ ಕಣ್ಲಾ!"

ಆ ಚೀರಾಟಕ್ಕೆ ನಾನು ಒದ್ದೆ ಪಂಚೆ ಸುತ್ತಿಕೊಂಡು, ಮೈತುಂಬ ಸೋಪಿನ ನೊರೆಯೊಂದಿಗೆ ಓಡಿಬಂದೆ. ಅಜ್ಜಿ ಆಗಲೇ ಬೀದಿಯಲ್ಲಿದ್ದರು. "ಮೂಳೆಗೆ ಅಂಗಿ ತೊಡ್ಸೋನ್ಗೆ ನಮ್ ಮಗೀನ ಕೊಡಾಕಿಲ್ಲ. ನಡಿರ್ಲಾ!"

ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಹುಡುಗಿ ಅಂಗಿಯ ಗುಂಡಿ ಬಿಚ್ಚಿ ಒಳಗೆ ನೋಡಿ, ತಿರುಗಿ ನನ್ನನ್ನು ನೋಡಿ ನಕ್ಕಳು. "ಬಾ ಅಜ್ಜಿ, ಎಲ್ರ ಒಳ್ಗೂ ಇರೋದು ಇದೇ. ಇವ್ರುನ್ನೇ ನೋಡು, ನೊರೆ ಮ್ಯಾಲಿಂದ್ಲೇ ಎಣಿಸ್ಬೋದು!"

ಅಜ್ಜಿ ಇಣುಕಿದರು. ನನ್ನ ಎದೆಗೂಡನ್ನೊಮ್ಮೆ, ಅದರದನ್ನೊಮ್ಮೆ ನೋಡಿ ಬಾಯಿಗೆ ಸೆರಗಿಟ್ಟು ನಗತೊಡಗಿದರು. ಆ ವರ್ಷವೇ ಮದುವೆಯಾಯಿತು. ಅಜ್ಜಿ ಇರುವಷ್ಟು ದಿನ, ಹೋದಾಗಲೆಲ್ಲ ನನ್ನ ತಟ್ಟೆಗೆ ಒಂದು ಮುದ್ದೆ ಹೆಚ್ಚಿಗೆ ಇಕ್ಕುತ್ತಿದ್ದರು.

ಹೆಂಡತಿ ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಹಾಲಿನವನ ಹತ್ತಿರ, ಬೀಗರ ಹತ್ತಿರ, ಎಲ್ಲಿಯಾದರೂ ನಾನು ಬಾಯಿಬಿಡದೆ ಅವರು ಹೇಳಿದ್ದಕ್ಕೆಲ್ಲ ಒಪ್ಪಿಕೊಂಡು ಬಂದರೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ.

"ಅವತ್ತು ಆ ರೂಮಲ್ಲಿ ಇಬ್ರಿದ್ರಿ. ಬೆನ್ನುಮೂಳೆ ಇದ್ದೋನ್ನ ಬುಟ್ಟು ನಿಮ್ಮನ್ನ ಒಪ್ಕಂಡೆ ನೋಡಿ!"